ಪುಸ್ತಕ ಮುಚ್ಚಿ ಓದುವುದು

ಫೆಬ್ರುವರಿ ಬಂತೆಂದರೆ ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಸದ್ದು ಅಡಗುತ್ತದೆ. ಊರ ಜಾತ್ರೆಗೂ ನೆಂಟರ ಮದುವೆಗೂ ಉಳಿದವರು ಹೋಗಿ ಬರುತ್ತಾರೆ, ಓದುವ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಶಾಲೆಯಲ್ಲಿ ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಇನ್ನೊಂದು. ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಶಿಕ್ಷಕರೂ ಇದ್ದಾರೆ. ಹಿಂದುಳಿದವರಿಗೆಂದು ‘ಪಾಸಿಂಗ್ ಪ್ಯಾಕೇಜ್’ ತಯಾರಾಗುತ್ತದೆ: ಭಾರತದ ನಕ್ಷೆ, ಥೇಲ್ಸ್‌ನ ಪ್ರಮೇಯ, ನಾಲ್ಕಾರು ಚಿತ್ರ, ಬಂದೇ ಬರುತ್ತದೆ ಎನ್ನುವ ಒಂದಷ್ಟು ಪ್ರಶ್ನೆ.

ಈ ಶ್ರಮದ ಹಿಂದಿರುವ ಕಾಳಜಿ ದೊಡ್ಡದು. ಆದರೆ ಇಡೀ ವ್ಯವಸ್ಥೆ ಎಷ್ಟು ಹೊತ್ತು ಓದಬೇಕು, ಏನನ್ನು ಓದಬೇಕು ಎಂಬ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತಿದೆ. ಹೇಗೆ ಓದಬೇಕು ಎಂಬುದನ್ನು ಮಗುವಿನ ಪಕ್ಕದಲ್ಲಿ ಕೂತು ತೋರಿಸಿಕೊಡುವವರು ಕಡಿಮೆ. ಹತ್ತು ವರ್ಷ ಶಾಲೆಗೆ ಹೋದ ಮಗು ಗಣಿತ, ವಿಜ್ಞಾನ, ಮೂರು ಭಾಷೆ ಎಲ್ಲವನ್ನೂ ಒಂದಿಷ್ಟು ಕಲಿತಿರುತ್ತದೆ. ಕಲಿಯುವುದು ಹೇಗೆಂದು ಮಾತ್ರ ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ಹಾಗಾಗಿ ಮಗು ತನಗೆ ತೋಚಿದ ದಾರಿ ಹಿಡಿಯುತ್ತದೆ. ಪಾಠವನ್ನು ಒಮ್ಮೆ ಓದುತ್ತದೆ, ಇನ್ನೊಮ್ಮೆ ಓದುತ್ತದೆ, ಹಳದಿ ಪೆನ್ನಿನಿಂದ ಗೆರೆ ಎಳೆಯುತ್ತದೆ, ಗೆರೆ ಎಳೆದದ್ದನ್ನು ಮತ್ತೆ ಓದುತ್ತದೆ. ಮೂರನೇ ಸಲ ಓದುವಾಗ ಸಾಲುಗಳೆಲ್ಲ ಪರಿಚಿತ ಮುಖಗಳಂತೆ ಕಾಣುತ್ತವೆ. ‘ಇದು ಗೊತ್ತು’ ಎಂಬ ನೆಮ್ಮದಿಯಲ್ಲಿ ಮಲಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸಿದಾಗ ಆ ಪುಟದ ಬಣ್ಣ ನೆನಪಾಗುತ್ತದೆ, ಎಡಗಡೆ ಒಂದು ಚಿತ್ರವಿದ್ದದ್ದೂ ನೆನಪಾಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಹೊರಗೆ ಬಂದು ‘ಎಲ್ಲಾ ಓದಿದ್ದೆ, ಅಲ್ಲಿ ಮರೆತುಹೋಯ್ತು’ ಎಂದು ಅಳುವ ಮಗು ಸುಳ್ಳು ಹೇಳುತ್ತಿಲ್ಲ. ಅದು ನಿಜವಾಗಿಯೂ ಓದಿತ್ತು. ನೆನಪಿನಿಂದ ಹೊರತೆಗೆಯುವುದನ್ನು ಮಾತ್ರ ಒಂದು ಸಲವೂ ಅಭ್ಯಾಸ ಮಾಡಿರಲಿಲ್ಲ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಇದನ್ನೇ ಅಳೆದು ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ ಕೊಟ್ಟು ನಾಲ್ಕು ಅವಧಿ ಕೊಟ್ಟರು. ಒಂದು ಗುಂಪು ನಾಲ್ಕೂ ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಷ್ಟೇ ಓದಿ, ಉಳಿದ ಮೂರರಲ್ಲಿ ಖಾಲಿ ಹಾಳೆಯ ಮೇಲೆ ನೆನಪಾದಷ್ಟನ್ನು ಬರೆಯಿತು. ಮೊದಲ ಗುಂಪು ಸರಾಸರಿ 14 ಸಲ ಆ ಭಾಗವನ್ನು ಓದಿ ಮುಗಿಸಿತ್ತು, ಎರಡನೆಯದು ಮೂರು ಸಲದ ಮೇಲೆ ಸ್ವಲ್ಪ.

ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ತಕ್ಕಡಿ ತಿರುಗಿತು. ಓದಿದವರಲ್ಲಿ ಉಳಿದದ್ದು ಶೇ 40, ನೆನಪು ಮಾಡಿಕೊಂಡು ಬರೆದವರಲ್ಲಿ ಶೇ 61. ‘ವಾರದ ನಂತರ ನಿಮಗೆಷ್ಟು ನೆನಪಿರುತ್ತದೆ’ ಎಂದು ಮೊದಲೇ ಕೇಳಿದ್ದಾಗ ಹೆಚ್ಚು ಭರವಸೆಯಿಂದ ಉತ್ತರಿಸಿದವರು ಬರೀ ಓದಿದ ಗುಂಪಿನವರು. ತಂದೆತಾಯಿ, ಶಿಕ್ಷಕರು, ಮಕ್ಕಳು ಎಲ್ಲರೂ ಗಮನಿಸಬೇಕಾದದ್ದು ಇದನ್ನು. ಓದಿದಾಗ ಸಿಗುವ ನೆಮ್ಮದಿಯೇ ಮಗುವಿನ ದಾರಿ ತಪ್ಪಿಸುತ್ತದೆ. ನೆನಪು ಮಾಡಿಕೊಳ್ಳಲು ಹೋದಾಗ ತಡವರಿಸುತ್ತದೆ, ಬೇಸರವಾಗುತ್ತದೆ, ‘ನನಗೆ ಬರುವುದಿಲ್ಲ’ ಅನ್ನಿಸುತ್ತದೆ. ಕಲಿಕೆ ಗಟ್ಟಿಯಾಗುವುದು ಆ ತಡವರಿಕೆಯಲ್ಲೇ.

ಕನ್ನಡದಲ್ಲಿ ಈ ಕ್ರಮಕ್ಕೆ ಹಳೆಯ ಹೆಸರೇ ಇದೆ. ಪಾಠ ಒಪ್ಪಿಸುವುದು. ಬೀಗದಕೈ ಒಪ್ಪಿಸುವ ಹಾಗೆ, ಲೆಕ್ಕ ಒಪ್ಪಿಸುವ ಹಾಗೆ, ಪಡೆದುಕೊಂಡದ್ದನ್ನು ಇನ್ನೊಬ್ಬರ ಮುಂದೆ ಮರಳಿ ಇಡುವುದು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಸಾಲಾಗಿ ಕೂತು ವಾರ, ತಿಂಗಳು, 27 ನಕ್ಷತ್ರ, 60 ಸಂವತ್ಸರಗಳ ಹೆಸರು ಹೇಳಿ, ಕಾಲು, ಅರೆ, ಮುಕ್ಕಾಲಿನ ಮಗ್ಗಿ ಒಪ್ಪಿಸಿದ ಮೇಲೇ ಊಟಕ್ಕೆ ಏಳುತ್ತಿದ್ದ ಮನೆಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠಗಳಲ್ಲೂ ಇದೇ ಕ್ರಮವಿತ್ತು. ಅಂದಿನ ಪದ್ಧತಿಯಲ್ಲಿ ಬೆತ್ತವಿತ್ತು, ಹೆದರಿಕೆಯಿತ್ತು, ಅರ್ಥ ಹೇಳಿಕೊಡದ ಉದಾಸೀನವೂ ಇತ್ತು. ಅವು ಯಾವುವೂ ಮರಳಿ ಬರಬೇಕಾಗಿಲ್ಲ. ಆದರೆ ಅವುಗಳನ್ನು ಕೈಬಿಡುವ ಭರದಲ್ಲಿ ಒಪ್ಪಿಸುವುದನ್ನೂ ಕೈಬಿಟ್ಟೆವು.

ಇದು ಮತ್ತೆ ಗಿಳಿಪಾಠವೇ ಅಲ್ಲವೇ ಎಂಬ ಆಕ್ಷೇಪ ಸಹಜ. ಉರು ಹೊಡೆಯುವ ಕಲಿಕೆ ಬೇಡವೆಂದು ಶಿಕ್ಷಣ ತಜ್ಞರು ದಶಕಗಳಿಂದ ಹೇಳುತ್ತಿದ್ದಾರೆ, ಹೇಳುವುದರಲ್ಲಿ ನ್ಯಾಯವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ‘ನಲಿ ಕಲಿ’ ಚಿಕ್ಕ ಮಕ್ಕಳ ತರಗತಿಯಿಂದ ಆ ಭಯವನ್ನು ಓಡಿಸಿದ ದೊಡ್ಡ ಹೆಜ್ಜೆ. ಆದರೆ ಗೈಡಿನ ಉತ್ತರವನ್ನು ಅಕ್ಷರ ಬಿಡದೆ ನುಂಗುವುದು ಒಂದು, ಅರ್ಥವಾದ ಪಾಠವನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳುವುದು ಇನ್ನೊಂದು. 2011ರಲ್ಲಿ ಕಾರ್ಪಿಕಿ ಮತ್ತು ಜನೆಲ್ ಬ್ಲಂಟ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಅನುಮಾನಕ್ಕೆ ನೇರ ಉತ್ತರ ಕೊಡುತ್ತದೆ. ವಿಜ್ಞಾನದ ಪಾಠವನ್ನು ಮುಂದಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆದವರಿಗಿಂತ, ಪಾಠವನ್ನು ಬದಿಗಿಟ್ಟು ನೆನಪಿನಿಂದ ಬರೆದವರು ವಾರದ ನಂತರ ಮುಂದಿದ್ದರು. ನೇರ ಪ್ರಶ್ನೆಗಳಲ್ಲಿ ಮಾತ್ರವಲ್ಲದೆ, ಎರಡು ವಿಚಾರಗಳನ್ನು ಜೋಡಿಸಿ ಯೋಚಿಸಬೇಕಾದ ಪ್ರಶ್ನೆಗಳಲ್ಲೂ ಮುಂದಿದ್ದರು.

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠವನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ ಮಾನವ ಹೃದಯದ ಚಿತ್ರವಿದೆ. ನೋಡಿಕೊಂಡು ಬರೆದರೆ ಹತ್ತು ನಿಮಿಷದಲ್ಲಿ ಅಂದವಾದ ಚಿತ್ರ ಸಿದ್ಧ. ಪುಸ್ತಕ ಮುಚ್ಚಿ ಬರೆಯಲು ಹೊರಟಾಗ ಕಥೆಯೇ ಬೇರೆ. ನಾಲ್ಕು ಕೋಣೆ ಬರೆಯುವಷ್ಟಕ್ಕೆ ಕೈ ಸರಾಗ. ಬಲ ಹೃತ್ಕರ್ಣ ಚಿತ್ರದ ಯಾವ ಬದಿಗೆ ಬರಬೇಕು ಎಂಬಲ್ಲಿ ಪೆನ್ಸಿಲ್ ನಿಲ್ಲುತ್ತದೆ. ಹೃದಯ ನಮ್ಮೆದುರು ನಿಂತವರದ್ದು, ಹಾಗಾಗಿ ಅವರ ಬಲ ನಮ್ಮ ಎಡಗಡೆಗೆ ಬರುತ್ತದೆ ಎಂದು ಆಗ ಹೊಳೆಯಬೇಕು. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ನಾಳಕ್ಕೆ ಹೆಸರು ಬರೆಯುವಾಗ ಇನ್ನೊಂದು ತಡೆ. ಅಪಧಮನಿ ಎಂದರೆ ಆಮ್ಲಜನಕಯುಕ್ತ ರಕ್ತ ಒಯ್ಯುವ ನಾಳ ಎಂದು ಬಾಯಿಪಾಠ ಮಾಡಿದ ಮಗು ಇಲ್ಲಿ ಅಭಿಧಮನಿ ಎಂದು ಬರೆದುಬಿಡುತ್ತದೆ. ಪುಸ್ತಕ ತೆರೆದರೆ ಅಲ್ಲಿರುವುದು ಪುಪ್ಪುಸಕ ಅಪಧಮನಿ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ, ರಕ್ತ ಯಾವುದೇ ಇರಲಿ. ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ ಆ ಮಗು ಇನ್ನು ಅದನ್ನು ಸುಲಭವಾಗಿ ಮರೆಯುವುದಿಲ್ಲ. ನೋಡಿಕೊಂಡು ಹತ್ತು ಸಲ ಬರೆದಿದ್ದರೂ ಆ ತಪ್ಪು ತನ್ನೊಳಗಿದೆ ಎಂದೇ ಅದಕ್ಕೆ ತಿಳಿಯುತ್ತಿರಲಿಲ್ಲ.

ಒಪ್ಪಿಸುವುದರ ಜೊತೆಗೆ ಕಲಿಯಬೇಕಾದ ಎರಡನೆಯ ಅಭ್ಯಾಸ, ಅಂತರ ಬಿಟ್ಟು ಮತ್ತೆ ಒಪ್ಪಿಸುವುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಮರೆವಿನ ಕುರಿತ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಪ್ರಯೋಗಕ್ಕೆ ಒಳಗಾದವನೂ ಅವನೇ. ಅರ್ಥವಿಲ್ಲದ ಅಕ್ಷರಗುಂಪುಗಳ ಪಟ್ಟಿಗಳನ್ನು ಉರು ಹೊಡೆದು, ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುತ್ತದೆಂದು ಲೆಕ್ಕ ಹಾಕಿದ. ಒಂದು ಗಂಟೆಯ ನಂತರ ಉಳಿತಾಯ ಸುಮಾರು ಶೇ 44, ಒಂದು ದಿನದ ನಂತರ ಶೇ 34, ಒಂದು ತಿಂಗಳ ನಂತರ ಶೇ 21. ಮರೆವು ಮೊದಲ ದಿನವೇ ದೊಡ್ಡ ಪಾಲನ್ನು ಕಬಳಿಸುತ್ತದೆ, ಆಮೇಲೆ ನಿಧಾನವಾಗುತ್ತದೆ. ಅವನೇ ಕಂಡುಕೊಂಡ ಇನ್ನೊಂದು ಲೆಕ್ಕ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗದ್ದು. ಒಂದೇ ದಿನ 68 ಸಲ ಪುನರಾವರ್ತನೆ ಮಾಡಿ ಪಡೆದ ಫಲವನ್ನು, ಮೂರು ದಿನಕ್ಕೆ ಹಂಚಿ 38 ಸಲದಲ್ಲೇ ಪಡೆಯಲು ಅವನಿಗೆ ಸಾಧ್ಯವಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಮಾಡುವ ಮಗು ಹೆಚ್ಚು ದುಡಿದು ಕಡಿಮೆ ಪಡೆಯುತ್ತಿದೆ ಎಂದು ಹೇಳಲು ಇನ್ನೇನು ಬೇಕು?

ಇದನ್ನು ಮನೆಯಲ್ಲಿ ನಡೆಸಲು ದುಡ್ಡು ಖರ್ಚಾಗುವುದಿಲ್ಲ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಅಂಗೈಯಗಲದ ಚೀಟಿಗಳಾಗಿ ಕತ್ತರಿಸಬೇಕು. ಒಂದು ಮಗ್ಗುಲಲ್ಲಿ ಪ್ರಶ್ನೆ, ಅಚ್ಚಿಲ್ಲದ ಇನ್ನೊಂದು ಚೂರು ಅಂಟಿಸಿ ಅದರ ಮೇಲೆ ಉತ್ತರ. ಒಂದು ಚಪ್ಪಲಿ ಡಬ್ಬಿಯಲ್ಲಿ ರಟ್ಟು ನಿಲ್ಲಿಸಿ ಖಾನೆಗಳನ್ನು ಮಾಡಿಕೊಳ್ಳಬೇಕು. ಮೊದಲ ಖಾನೆಯ ಚೀಟಿಗಳನ್ನು ದಿನವೂ ಕೇಳಿಕೊಳ್ಳುವುದು, ಸರಿಯಾಗಿ ಹೇಳಿದ ಚೀಟಿ ಎರಡನೆಯ ಖಾನೆಗೆ ಹೋಗಿ ಮೂರು ದಿನಕ್ಕೊಮ್ಮೆ ಬರುವುದು, ಅಲ್ಲೂ ಗೆದ್ದರೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ತಪ್ಪಿದ ಚೀಟಿ ಎಲ್ಲೇ ಇರಲಿ, ಮೊದಲ ಖಾನೆಗೆ ವಾಪಸ್. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಕ್ರಮ ಇದು. ಇಂದು ಮೊಬೈಲ್ ಆ್ಯಪ್‌ಗಳು ಮಾಡುತ್ತಿರುವುದೂ ಇದನ್ನೇ, ಆದರೆ ಡಬ್ಬಿಗೆ ನೋಟಿಫಿಕೇಶನ್ ಬರುವುದಿಲ್ಲ. ಬಂದದ್ದನ್ನೇ ಮತ್ತೆ ಮತ್ತೆ ಓದುವ ಚಪಲ ಇಲ್ಲಿ ತಾನಾಗಿ ತಪ್ಪುತ್ತದೆ. ಬಾರದ್ದು ಬರುವವರೆಗೂ ಕಣ್ಣೆದುರಿಗೇ ಇರುತ್ತದೆ.

ಗಣಿತಕ್ಕೆ ಇನ್ನೊಂದು ಮಾತು ಸೇರಿಸಬೇಕು. ಪಠ್ಯಪುಸ್ತಕದ ಅಭ್ಯಾಸಗಳು ಒಂದೇ ಬಗೆಯ ಲೆಕ್ಕಗಳ ಸಾಲು. ಶಂಕುವಿನ ಘನಫಲದ ಪಾಠವಾದ ಮೇಲೆ ಬರುವ ಲೆಕ್ಕಗಳೆಲ್ಲ ಬಹುಪಾಲು ಶಂಕುವಿನವೇ. ಎರಡನೆಯ ಲೆಕ್ಕದ ಹೊತ್ತಿಗೆ ಮಗು ಪ್ರಶ್ನೆಯನ್ನು ಪೂರ್ತಿ ಓದುವುದನ್ನೇ ಬಿಟ್ಟು ಸೂತ್ರಕ್ಕೆ ಅಂಕಿ ತುಂಬುತ್ತದೆ. ಯಾವ ಸೂತ್ರ ಹಾಕಬೇಕು ಎಂದು ನಿರ್ಧರಿಸುವ ಕೆಲಸವನ್ನು ಪಾಠದ ತಲೆಬರಹವೇ ಮಾಡಿಕೊಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ತಲೆಬರಹ ಇರುವುದಿಲ್ಲ. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಡಗ್ ರೋರರ್ ಮತ್ತು ಸಂಗಡಿಗರು ಏಳನೇ ತರಗತಿಯ 54 ಗಣಿತ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ತರಗತಿಗಳಿಗೆ ಒಂದೇ ಬಗೆಯ ಲೆಕ್ಕಗಳನ್ನು ಒಟ್ಟಾಗಿ ಕೊಟ್ಟರು, ಉಳಿದವುಗಳಿಗೆ ಬೇರೆ ಬೇರೆ ಬಗೆಯವನ್ನು ಕಲಸಿ ಕೊಟ್ಟರು. ತಿಂಗಳ ನಂತರ ಮುಂಚಿತವಾಗಿ ಹೇಳದೆ ನಡೆಸಿದ ಪರೀಕ್ಷೆಯಲ್ಲಿ ಮೊದಲನೆಯವರ ಸರಾಸರಿ ಶೇ 38, ಕಲಸಿದ ಲೆಕ್ಕ ಮಾಡಿದವರದ್ದು ಶೇ 61. ಶಿಕ್ಷಕರು ಮನೆಗೆಲಸ ಕೊಡುವಾಗ ಇಂದಿನ ಪಾಠದ ಎರಡು ಲೆಕ್ಕ, ಕಳೆದ ವಾರದ ಎರಡು, ಜೂನ್‌ನಲ್ಲಿ ಮಾಡಿದ ಒಂದು ಎಂದು ಹೇಳಿದರೆ ಸಾಕು. ಹೊಸ ಪುಸ್ತಕವೂ ಬೇಡ, ಸುತ್ತೋಲೆಯೂ ಬೇಡ.

ಸಮಾಜ ವಿಜ್ಞಾನವನ್ನು ಇಸವಿಗಳ ಗಂಟು ಎಂದು ಹೆದರುವ ಮಕ್ಕಳಿಗೆ ‘ಯಾಕೆ’ ಎಂದು ಕೇಳಿಕೊಳ್ಳುವ ಅಭ್ಯಾಸ ಕೈ ಹಿಡಿಯುತ್ತದೆ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ ಡಾಲ್‌ಹೌಸಿಯದು ಎಂದು ಮಗು ಓದುತ್ತದೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪದೆ ಚೆನ್ನಮ್ಮ ಹೋರಾಡಿದ್ದು, ಕಲೆಕ್ಟರ್ ಥ್ಯಾಕರೆ ಹತನಾದದ್ದು 1824ರಲ್ಲಿ. ಹಾಗಾದರೆ ಡಾಲ್‌ಹೌಸಿ ಬರುವುದಕ್ಕೆ 24 ವರ್ಷ ಮೊದಲೇ ಇದು ಹೇಗಾಯಿತು? ಈ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕರೆ ಎರಡೂ ಇಸವಿಗಳು ಜೋಡಿಯಾಗಿ ಅಲ್ಲೇ ನಿಲ್ಲುತ್ತವೆ. ದತ್ತಕವನ್ನು ನಿರಾಕರಿಸಿ ಸಂಸ್ಥಾನಗಳನ್ನು ನುಂಗುವ ಚಾಳಿ ಕಂಪನಿಗೆ ಮೊದಲೇ ಇತ್ತು, ಡಾಲ್‌ಹೌಸಿ ಅದನ್ನು ಎಲ್ಲೆಡೆಗೆ ಹರಡಿದ ಎಂಬ ಉತ್ತರ ಸಿಕ್ಕಾಗ ಇತಿಹಾಸಕ್ಕೆ ಕಾರಣ ಮತ್ತು ಪರಿಣಾಮ ಎರಡೂ ಬರುತ್ತವೆ.

ಯಾವುದರಿಂದ ಉಪಯೋಗವಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ಒರೆಗೆ ಹಚ್ಚಿದ್ದರು. ಹೆಚ್ಚು ಪ್ರಯೋಜನವೆಂದು ಎತ್ತಿ ಹಿಡಿದದ್ದು ಎರಡನ್ನೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ದಿನಗಳಿಗೆ ಹಂಚಿಕೊಂಡು ಓದುವುದು. ಗೆರೆ ಎಳೆಯುವುದು ಮತ್ತು ಓದಿದ್ದನ್ನೇ ಮತ್ತೆ ಓದುವುದು ಕೊನೆಯ ಸಾಲಿನಲ್ಲಿದ್ದವು. ನಿದ್ದೆಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಬಹಳ. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂಬುದು ನಿದ್ರಾ ವೈದ್ಯರ ಶಿಫಾರಸು. ಹಗಲು ಕಲಿತದ್ದು ಮೆದುಳಿನಲ್ಲಿ ನೆಲೆಗೊಳ್ಳಲು ನಿದ್ದೆ ಬೇಕೇ ಬೇಕು. ರಾತ್ರಿ ಹನ್ನೆರಡರವರೆಗೆ ಕೂರಿಸಿ ಬೆಳಗಿನ ನಾಲ್ಕಕ್ಕೆ ಎಬ್ಬಿಸುವ ಮನೆ, ತಾನೇ ಕಟ್ಟಿದ್ದನ್ನು ತಾನೇ ಕೆಡವುತ್ತದೆ.

ಕರ್ನಾಟಕದ ಶಾಲೆಗಳು ಈಗ ಈ ಕಡೆ ತಿರುಗಬೇಕಾದ ತುರ್ತಿಗೆ ಕಾರಣವಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಅಕ್ರಮಕ್ಕೆ ಕಡಿವಾಣ ಹಾಕಿದ್ದು ಸರಿಯಾದ ಕ್ರಮ. ಆದರೆ ಕ್ಯಾಮೆರಾ ಕಾವಲು ಕಾಯಬಲ್ಲದು, ಕಲಿಸಲಾರದು. ಅದೇ ವರ್ಷ ಪರೀಕ್ಷಾ ಮಂಡಳಿ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶವನ್ನೂ ಕೊಟ್ಟಿತು. ಆದರೆ ಮತ್ತೊಂದು ಅವಕಾಶಕ್ಕೆ ಕೂರುವ ಮಗು ಅದೇ ಪಾಸಿಂಗ್ ಪ್ಯಾಕೇಜನ್ನು ಅದೇ ಬಗೆಯಲ್ಲಿ ಮತ್ತೆ ಓದಿದರೆ ಅವಕಾಶ ಹೆಚ್ಚಿತೇ ವಿನಾ ಕಲಿಕೆ ಹೆಚ್ಚಲಿಲ್ಲ.

ಶಾಲೆ ಮಾಡಬೇಕಾದದ್ದು ಚಿಕ್ಕದು. ಪ್ರತಿ ಅವಧಿಯ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳುವುದು: ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಎಲ್ಲರೂ ಬರೆಯಬೇಕು, ಯಾರಿಗೂ ಅಂಕ ಬೇಡ. ತಪ್ಪನ್ನು ಆಗಲೇ ತಿದ್ದಬೇಕು, ತಪ್ಪಿದವರನ್ನು ನಿಲ್ಲಿಸಿ ಬೈಯಬಾರದು. ಅಂಕದ ಹೆದರಿಕೆ ಸೇರಿದರೆ ಇದೂ ಇನ್ನೊಂದು ಪರೀಕ್ಷೆಯಾಗಿ ಮಕ್ಕಳ ಮೇಲೆ ಬೀಳುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಮನೆಯಲ್ಲಿ ಜಾಗವಿಲ್ಲದ ನಾಲ್ಕು ಮಕ್ಕಳು ಭಾನುವಾರ ಅಲ್ಲಿ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡರೆ, ಟ್ಯೂಷನ್ನಿಗೆ ದುಡ್ಡಿಲ್ಲದ ಮನೆಗೂ ಒಂದು ದಾರಿ ಸಿಗುತ್ತದೆ.

ಮನೆಯವರ ಪಾಲು ಇನ್ನೂ ಸುಲಭ. ಅಕ್ಷರ ಬಾರದ ತಾಯಿಯೂ ಇದನ್ನು ಮಾಡಬಲ್ಲರು. ಪುಸ್ತಕವನ್ನು ತಮ್ಮ ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಅವರೆಕಾಯಿ ಸುಲಿಯುತ್ತಲೋ ರೊಟ್ಟಿ ಬಡಿಯುತ್ತಲೋ, ‘ಇವತ್ತು ಏನು ಕಲಿತೆ ಪುಟ್ಟಾ, ನನಗೆ ಅರ್ಥ ಆಗೋ ಹಾಗೆ ಹೇಳು’ ಎಂದು ಕೇಳಿದರೆ ಸಾಕು. ಅಮ್ಮನಿಗೆ ಅರ್ಥವಾಗುವಂತೆ ಹೇಳಬೇಕಾದರೆ ಮಗು ಗೈಡಿನ ವಾಕ್ಯವನ್ನು ಬಿಟ್ಟು ತನ್ನ ಮಾತು ಹುಡುಕಬೇಕು. ಎಲ್ಲಿ ಮಾತು ತಡೆಯುತ್ತದೋ ಅಲ್ಲಿ ಪಾಠ ಬಾಕಿ ಇದೆ ಎಂದು ತಾಯಿಗೂ ತಿಳಿಯುತ್ತದೆ, ಮಗುವಿಗೂ ತಿಳಿಯುತ್ತದೆ. ಪುಸ್ತಕ ಮರಳಿ ಕೊಟ್ಟು ‘ಅಷ್ಟನ್ನು ನೋಡಿಕೊಂಡು ಬಾ’ ಎಂದರೆ ಆಯಿತು.

‘ಓದಿದೆಯಾ?’ ಎಂಬ ಪ್ರಶ್ನೆಗೆ ಮಕ್ಕಳು ‘ಹೂಂ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ತಂದೆತಾಯಂದಿರು ಇಂದು ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಬಿಡುವು ಮಾಡಿಕೊಂಡು, ಮಗು ಇಂದು ಓದಿದ ಒಂದೇ ಒಂದು ಪಾಠವನ್ನು ಅದರ ಬಾಯಿಂದ ಕೇಳಲಿ. ನಾಳೆ ಅದೇ ಪಾಠದಿಂದ ಒಂದು ಪ್ರಶ್ನೆ, ಮುಂದಿನ ವಾರ ಇನ್ನೊಂದು. ಮಾರ್ಚ್ ಬರುವವರೆಗೂ ಇದಕ್ಕಾಗಿ ಕಾಯಬೇಕಾಗಿಲ್ಲ.